ಬರೆಯುವ ಹೆಣ್ಣು

ಹುಮನಾಬಾದಿಗೆ ಬಂದ ಬೀಗರನ್ನು ನಾವು ವೀರಭದ್ರೇಶ್ವರನ ಗುಡಿಗೆ ಕರೆದೊಯ್ಯುತ್ತೇವೆ, ಮಾಣಿಕನಗರ ತೋರಿಸುತ್ತೇವೆ. ಇದೇ ತಾಲ್ಲೂಕಿನ ಜಲಸಂಗಿ ಯಾರಿಗೂ ನೆನಪಾಗುವುದಿಲ್ಲ. ಅಲ್ಲೊಂದು ಶಿವನ ಗುಡಿಯಿದೆ. ಕಲ್ಯಾಣದ ಚಾಲುಕ್ಯರ ಕಾಲದ್ದು. ಊರವರಿಗೆ ಮಾತ್ರ ಅದು ತಮ್ಮ ಓಣಿಯ ಗುಡಿಯಿದ್ದ ಹಾಗೆ. ನೀರು ಹಾಕಿ, ಕಾಯಿ ಒಡೆದು, ಮನೆಗೆಲಸಕ್ಕೆ ಮರಳುತ್ತಾರೆ.

ಹೊರಗೋಡೆಯ ಶಿಲಾಬಾಲಿಕೆಯರಲ್ಲಿ ಒಬ್ಬಳು ಶಾಸನ ಬರೆಯುತ್ತಿದ್ದಾಳೆ. ನಾನು ಹೋದಾಗ ಪ್ರದಕ್ಷಿಣೆ ಹಾಕುತ್ತಿದ್ದ ಮುದುಕಿಯೊಬ್ಬಳು ನಿಂತು ಕೇಳಿದಳು: "ಆಕಿ ಏನ್ ಮಾಡ್ಲತ್ತಾಳ್ರೀ ಅಕ್ಕೋರೆ?"

"ಬರೀಲತ್ತಾಳವ್ವಾ."

"ಹೆಂಗಸು ಬರೀತಿದ್ದಳಾ ಆಗ?" ಎಂದು ಮುದುಕಿ ಬೆರಗಾದಳು.

ಆಕೆ ಬರೆಯುತ್ತಿರುವುದು ಆರನೆಯ ವಿಕ್ರಮಾದಿತ್ಯನ ಹೊಗಳಿಕೆ. ಈಗಿನ ಬಸವಕಲ್ಯಾಣದಿಂದ ಆತ 1076ರಿಂದ 1126ರವರೆಗೆ ಆಳಿದ. ಅವನ ಆಸ್ಥಾನದಲ್ಲೇ ವಿಜ್ಞಾನೇಶ್ವರ 'ಮಿತಾಕ್ಷರ'ವನ್ನು ಬರೆದ. ಮುಂದೆ ಭಾರತದ ಬಹುಭಾಗದಲ್ಲಿ ಹಿಂದೂಗಳ ಆಸ್ತಿ ಹಂಚಿಕೆಗೆ ಅದೇ ಆಧಾರವಾಯಿತು. ಪಿತ್ರಾರ್ಜಿತದಲ್ಲಿ ಗಂಡುಮಕ್ಕಳಿಗೆ ಹುಟ್ಟಿನಿಂದಲೇ ಹಕ್ಕು ಎಂದಿತು ಅದು. ಆದರೆ ಅಣ್ಣತಮ್ಮಂದಿರಿಂದ ಬೇರೆಯಾದವನು ಗಂಡುಸಂತಾನವಿಲ್ಲದೆ ಸತ್ತರೆ ಆಸ್ತಿ ಹೆಂಡತಿಗೆ ಎಂದೂ ಹೇಳಿತು.

ಇದನ್ನು ಓದಿದಾಗ ನನಗೆ ನೆನಪಾದದ್ದು ನಮ್ಮಜ್ಜಿ. ನಿಜಾಮರ ಕಾಲ, ಕಚೇರಿಯ ಭಾಷೆ ಉರ್ದು. ಪಾಲಾದ ಮೇಲೆ ಅಜ್ಜ ತೀರಿಕೊಂಡಾಗ ಇದ್ದವಳು ನಮ್ಮವ್ವ ಒಬ್ಬಳೇ. ಮೈದುನ ತಂದ ಕಾಗದಕ್ಕೆ ಅಜ್ಜಿ ಹೆಬ್ಬೆಟ್ಟು ಒತ್ತಿದಳು. ಮರುವರ್ಷ ಹೊಲ ಅವನದಾಯಿತು. "ನನ್ನ ಹಣೇಬರ" ಎನ್ನುತ್ತಿದ್ದಳು. ಹಣೆಯಲ್ಲಿ ಬರೆದದ್ದೇನೋ ಕಾಣೆ, ಎಂಟುನೂರು ವರ್ಷಗಳ ಹಿಂದೆಯೇ ಇಲ್ಲಿ ಬರೆದ ಪುಸ್ತಕ ಅವಳ ಪರವಾಗಿತ್ತು. ಅದನ್ನು ಓದಿ ಹೇಳುವವರು ಆ ಮನೆಯಲ್ಲಿರಲಿಲ್ಲ.

ಕಲ್ಲಿನ ಹೆಣ್ಣಿನ ಕೈಗೆ ಕಂಠ ಕೊಟ್ಟವರು ಅರಸನ ಮಾತನ್ನು ಬರೆಸಿದರು. ಅವಳ ಮಾತು ಏನಿತ್ತೋ! ಅದೇ ಕಲ್ಯಾಣದಲ್ಲಿ ಮುಂದಿನ ತಲೆಮಾರುಗಳಲ್ಲೇ ಆಯ್ದಕ್ಕಿ ಲಕ್ಕಮ್ಮನಂಥ ಶರಣೆಯರು ತಮ್ಮದೇ ಮಾತು ನುಡಿದರು. ಆ ನೆಲದಲ್ಲೇ ನಮ್ಮಜ್ಜಿಯರು ಹೆಬ್ಬೆಟ್ಟಿಗೆ ಇಳಿದರು. ಒಮ್ಮೆ ಬಂದದ್ದು ಉಳಿದೇ ಉಳಿಯುತ್ತದೆಂಬ ಭರವಸೆ ಇತಿಹಾಸದಲ್ಲಿಲ್ಲ.

1956ರ ಕಾಯ್ದೆ ಹೆಣ್ಣುಮಕ್ಕಳನ್ನೂ ವಾರಸುದಾರರೆಂದಿತು. ಒಟ್ಟು ಕುಟುಂಬದ ಆಸ್ತಿಯಲ್ಲಿ ಮಗನಷ್ಟೇ ಹಕ್ಕು ಮಗಳಿಗೂ ಹುಟ್ಟಿನಿಂದ ಎಂದು ನಮ್ಮ ರಾಜ್ಯ 1994ರಲ್ಲಿ, ಇಡೀ ದೇಶ 2005ರಲ್ಲಿ ಒಪ್ಪಿತು. ಈಗ ನಮಗೆಲ್ಲ ಸಹಿ ಬರುತ್ತದೆ. ಆದರೂ ತವರಿನ ಬಾಗಿಲು ಮುಚ್ಚೀತೆಂಬ ಭಯಕ್ಕೆ, ಅಣ್ಣ ಬೆರಳಿಟ್ಟು ತೋರಿಸಿದ ಕಡೆ ಓದದೆ ಸಹಿ ಮಾಡುವ ಪದವೀಧರೆಯರನ್ನು ನಾನು ಕಂಡಿದ್ದೇನೆ. ಬಿಟ್ಟುಕೊಡುವುದು, ಬಿಡುವುದು ಅವರವರ ಇಷ್ಟ. ಆದರೆ ತಂಗಿಯರೇ, ಮೊದಲು ಕಾಗದ ಓದಿ. ಓದದೆ ಮಾಡಿದ ಸಹಿಗೂ ಹೆಬ್ಬೆಟ್ಟಿಗೂ ಏನು ವ್ಯತ್ಯಾಸ?