ಭೀಮೆಯ ಮೀನಿಗೆ ಕರೆಂಟಿನ ನೆಂಟಸ್ತನ

ಇಂಡಿ, ಸಿಂದಗಿ ಸೀಮೆಗೆ ಭೀಮಾ ಹೊಳೆ. ಬಸವನ ಬಾಗೇವಾಡಿ, ಮುದ್ದೇಬಿಹಾಳಕ್ಕೆ ಕೃಷ್ಣೆ. ಎರಡರಲ್ಲೂ ಶಾಕ್ ಹೊಡೆಯುವ ಮೀನಿಲ್ಲ. ಚೇಳುಮೀನು ಚುಚ್ಚಿದರೆ ಕೈ ಧಗಧಗ ಉರಿಯುತ್ತದೆ, ನಿಜ. ಆದರೆ ಅದು ಎದೆಯ ಈಜುರೆಕ್ಕೆಯ ಮುಳ್ಳಿನಲ್ಲಿರುವ ವಿಷದ ಕೆಲಸ. ನಿಜವಾದ ವಿದ್ಯುತ್ ಮೀನು ಬೇಕೆಂದರೆ ಅರಬ್ಬೀ ಸಮುದ್ರಕ್ಕೇ ಹೋಗಬೇಕು. ಅಲ್ಲಿ ತಳಕ್ಕಂಟಿ ಬದುಕುವ ನಾರ್ಸಿನ್, ನಾರ್ಕೆ ಎಂಬ ವಿದ್ಯುತ್ ತೊರಕೆಗಳಿವೆ.

ಹಾಗಿದ್ದೂ ವಿದ್ಯುತ್ ಮೀನಿನ ಚರಿತ್ರೆಯಲ್ಲಿ ಭೀಮೆಗೊಂದು ಪಾಲಿದೆ.

ದಕ್ಷಿಣ ಅಮೆರಿಕದ ವಿದ್ಯುತ್ ಹಾವುಮೀನಿಗೆ 1766ರಲ್ಲಿ ಲಿನೇಯಸ್ ‘ಜಿಮ್ನೋಟಸ್ ಎಲೆಕ್ಟ್ರಿಕಸ್’ ಎಂದು ಹೆಸರಿಟ್ಟ. ಮೂರು ವರ್ಷದ ನಂತರ ಪ್ರಾಣಿಶಾಸ್ತ್ರಜ್ಞ ಪಲ್ಲಾಸ್ ಏಷ್ಯಾದ ಒಂದು ಮೀನನ್ನೂ ‘ಜಿಮ್ನೋಟಸ್ ನೋಟಾಪ್ಟೆರಸ್’ ಎಂದು ಅದೇ ಕುಲಕ್ಕೆ ಸೇರಿಸಿದ. ಎರಡಕ್ಕೂ ಹೊಟ್ಟೆಯಡಿ ಬಾಲದವರೆಗೆ ಉದ್ದಕ್ಕೂ ಒಂದೇ ಈಜುರೆಕ್ಕೆ. ಅದನ್ನು ಅಲೆಯಾಡಿಸಿ ಹಿಂದಕ್ಕೂ ಮುಂದಕ್ಕೂ ಈಜುತ್ತವೆ. 1839ರಲ್ಲಿ ದಖ್ಖನಿನ ಮೀನುಗಳ ಬಗ್ಗೆ ಪ್ರಕಟಿಸಿದ ಸೈಕ್ಸ್, ಭೀಮೆಯ ಉಪನದಿ ಮುಳಾ-ಮುಠಾದಲ್ಲಿ ಸಿಕ್ಕ ಮೀನೊಂದನ್ನು ‘ಮಿಸ್ಟಸ್ ಬಡ್ಗೀ’ ಎಂದು ಕರೆದ. ಅದೂ ಈ ನೋಟಾಪ್ಟೆರಸ್ಸೇ ಎಂಬುದು ಈಗಿನವರ ತೀರ್ಮಾನ.

ಸೈಕ್ಸ್‌ಗಿಂತ ಬಹಳ ಮೊದಲೇ, ಮೀನಿನ ಹೊಡೆತ ವಿದ್ಯುತ್ತೇ ಅಲ್ಲವೇ ಎಂದು ಯುರೋಪಿನಲ್ಲಿ ವಾದ ಜೋರಾಗಿತ್ತು. ತೊರಕೆಯ ಹೊಡೆತ ವಿದ್ಯುತ್ತೇ ಎಂದು 1772ರಲ್ಲಿ ಫ್ರಾನ್ಸಿನ ಕರಾವಳಿಯಲ್ಲಿ ಪರೀಕ್ಷೆ ನಡೆಸಿದ ಜಾನ್ ವಾಲ್ಶ್ ಸಾರಿದ. ಕಿಡಿ ಹಾರದೆ ವಿದ್ಯುತ್ ಎಲ್ಲಿಂದ ಬಂತು ಎಂದು ಸಂಶಯಪಟ್ಟವರೂ ಇದ್ದರು. ಹೆನ್ರಿ ಕ್ಯಾವೆಂಡಿಷ್ ಮೊದಲು ಮರದಲ್ಲಿ, ಅದು ಸರಿಹೋಗದೆ ಚರ್ಮದಲ್ಲಿ ತೊರಕೆಯ ಆಕಾರ ಮಾಡಿದ. ಇಬ್ಬದಿಗೂ ಲೋಹದ ತಗಡು ಕೂಡಿಸಿ, ತಂತಿಗಳನ್ನು ವಿದ್ಯುತ್ ಕೂಡಿಡುವ ಲೇಡನ್ ಜಾಡಿಗಳ ಸಾಲಿಗೆ ಜೋಡಿಸಿ ಉಪ್ಪುನೀರಿಗಿಳಿಸಿದ. ಕೈ ಹಾಕಿದವರಿಗೆ ಮೀನಿನಂಥದೇ ಹೊಡೆತ! ಜಾಡಿಗಳು ಹೆಚ್ಚಿದ್ದು ಒಂದೊಂದರಲ್ಲೂ ವಿದ್ಯುತ್ತಿನ ಒತ್ತಡ ಕಡಿಮೆಯಿದ್ದರೆ ಕಿಡಿಯಿಲ್ಲದೆಯೂ ಶಾಕ್ ತಗಲುತ್ತದೆಂದು 1776ರಲ್ಲಿ ಬರೆದ. ಮೀನಿನ ಚರಿತ್ರೆಯಲ್ಲಿ ಇಷ್ಟು ಚಂದದ ಪ್ರಯೋಗ ಇನ್ನೊಂದಿಲ್ಲ. 1800ರಲ್ಲಿ ವೋಲ್ಟಾ ತನ್ನ ಬ್ಯಾಟರಿಯನ್ನೇ ‘ಕೃತಕ ವಿದ್ಯುದಂಗ’ ಎಂದು ಕರೆದದ್ದು ತೊರಕೆ ಮೀನನ್ನು ಕಣ್ಣಮುಂದಿಟ್ಟುಕೊಂಡೇ.

ಮೀನಿನ ವಿದ್ಯುತ್ ಕೋಶ ಒಂದೊಂದೂ ಸುಮಾರು 0.15 ವೋಲ್ಟ್ ಕೊಡುತ್ತದೆ. ಟಾರ್ಚಿನ ಸೆಲ್‌ಗಳಂತೆ ಸಾವಿರಾರು ಕೋಶ ಸಾಲಾಗಿ ನಿಂತರೆ ಹಾವುಮೀನಿನ ನೂರಾರು ವೋಲ್ಟ್. 2019ರಲ್ಲಿ ಒಂದು ಪ್ರಭೇದದಲ್ಲಿ 860 ವೋಲ್ಟ್ ದಾಖಲಾಯಿತು. ಉಪ್ಪುನೀರು ವಿದ್ಯುತ್ತನ್ನು ಸುಲಭವಾಗಿ ಹರಿಸುವುದರಿಂದ ತೊರಕೆಗೆ ಅಷ್ಟು ವೋಲ್ಟ್ ಬೇಡ, ಪ್ರವಾಹ ಹೆಚ್ಚಿದ್ದರೆ ಸಾಕು.

ಇನ್ನು ನೋಟಾಪ್ಟೆರಸ್ಸಿಗೆ ಮರಳಿದರೆ, ಪಲ್ಲಾಸ್ ನೋಡಿದ್ದು ರೂಪ ಮಾತ್ರ. ರಕ್ತಸಂಬಂಧ ಬೇರೆಯೇ ಇತ್ತು. ನೋಟಾಪ್ಟೆರಸ್ ಹಾವುಮೀನಿನ ಒಡಹುಟ್ಟಲ್ಲ, ದುರ್ಬಲ ವಿದ್ಯುತ್ ಹೊಮ್ಮಿಸಿ ದಾರಿ ಹುಡುಕುವ ಆಫ್ರಿಕದ ಮೊರ್ಮಿರಿಡ್ ಮೀನುಗಳ ಬಳಗದ್ದು. ಆ ಬಳಗದ ಜಿಮ್ನಾರ್ಕಸ್ ಎಂಬ ಮೀನಿನ ಈ ವಿದ್ಯೆಯನ್ನು 1951ರಲ್ಲಿ ಪ್ರಾಣಿಶಾಸ್ತ್ರಜ್ಞ ಲಿಸ್‌ಮನ್ ಬಯಲಿಗೆ ತಂದ. ವಿಚಿತ್ರವೆಂದರೆ ನೋಟಾಪ್ಟೆರಸ್ಸಿನ ಆಫ್ರಿಕದ ದಾಯಾದಿಗಳು ವಿದ್ಯುತ್ತನ್ನು ಗ್ರಹಿಸಬಲ್ಲವು, ಏಷ್ಯಾದವು ಗ್ರಹಿಸಲಾರವು.

ಹಾವುಮೀನಿಗೆ ಹತ್ತಿರದ ನೆಂಟರು ಮೀಸೆಮೀನುಗಳು. 1917ರಲ್ಲಿ ಅಮೆರಿಕದ ಪಾರ್ಕರ್, ವ್ಯಾನ್ ಹ್ಯೂಸೆನ್ ಒಂದು ಮೀಸೆಮೀನಿನ ಬಳಿ ಗಾಜಿನ ಕಡ್ಡಿ ಹಿಡಿದರು, ಮುಟ್ಟುವವರೆಗೂ ಅದು ಅಲುಗಲಿಲ್ಲ. ಲೋಹದ್ದು ಹಿಡಿದರು, ದೂರದಿಂದಲೇ ಸರಿಯಿತು. ಲೋಹ ನೀರಿನಲ್ಲಿ ಹುಟ್ಟಿಸುವ ಸಣ್ಣ ವಿದ್ಯುತ್ತನ್ನು ಚರ್ಮದ ಸೂಕ್ಷ್ಮ ಕುಳಿಗಳು ಹಿಡಿದಿದ್ದವು. ಅಂಥ ಕುಳಿಗಳು ಭೀಮಾ-ಕೃಷ್ಣೆಯರ ಮೀಸೆಮೀನುಗಳಿಗೂ ಇವೆ: ಬಾಳೆ ಮೀನಿಗೂ ಇವೆ, ಕೈ ಉರಿಸುವ ಆ ಚೇಳುಮೀನಿಗೂ ಇವೆ.