ವೊಸ್ಕೊಪೊಯದ ಮನೆಮಾತು

ಬಾಲ್ಕನ್ ಎಂದೊಡನೆ ನಮಗೆ ನೆನಪಾಗುವುದು ಯುದ್ಧ ಮತ್ತು ಗಡಿಜಗಳ. ಅಲ್ಲಿಯ ಒಂದು ಚಿಕ್ಕ ಊರನ್ನು ವಾಚಕರಿಗೆ ಪರಿಚಯಿಸಬೇಕೆಂಬ ಆಸೆ ನನಗೆ ಹುಟ್ಟಿದ್ದು ಬೇರೆ ಕಾರಣದಿಂದ. ಆ ಊರಿನವರು ದೇಶದೇಶಗಳಲ್ಲಿ ವ್ಯಾಪಾರ ಮಾಡಿದರು, ವಿದ್ಯೆಗೆ ಧಾರಾಳವಾಗಿ ಹಣ ಸುರಿದರು. ಮನೆಮಾತನ್ನು ಮಾತ್ರ ಬಹುಕಾಲ ಹೊಸಿಲಿನ ಒಳಗೇ ಇರಿಸಿದರು.

ಆಲ್ಬೇನಿಯದ ಆಗ್ನೇಯ ಭಾಗದಲ್ಲಿ ಕೊರ್ಚ ಎಂಬ ಪಟ್ಟಣವಿದೆ. ಅಲ್ಲಿಂದ ಪಶ್ಚಿಮಕ್ಕೆ ಸುಮಾರು 20 ಕಿಲೊಮೀಟರು ಬೆಟ್ಟದ ದಾರಿ ಹಿಡಿದರೆ ವೊಸ್ಕೊಪೊಯ ಸಿಗುತ್ತದೆ. ಸಮುದ್ರಮಟ್ಟದಿಂದ 1,100 ಮೀಟರಿಗೂ ಹೆಚ್ಚು ಎತ್ತರ, ಸುತ್ತಲೂ ಪೈನ್ ಮರಗಳು, ಹುಲ್ಲುಗಾವಲು, ಚಳಿಗಾಲದಲ್ಲಿ ಹಿಮ. ಕುರಿ ಮೇಯಿಸುವವರಿಗೆ ಹೇಳಿಮಾಡಿಸಿದ ಜಾಗವೇ ಹೊರತು ಪೇಟೆ ಕಟ್ಟುವವರಿಗಲ್ಲ. ಆದರೂ ಟರ್ಕಿ ಸುಲ್ತಾನರ ಆಳ್ವಿಕೆಯಲ್ಲಿ, 18ನೆಯ ಶತಮಾನದ ಹೊತ್ತಿಗೆ, ಇದು ಮೊಸ್ಕೊಪೊಲಿಸ್ ಎಂಬ ಹೆಸರಿನಿಂದ ವೆನಿಸ್, ವಿಯೆನ್ನಗಳವರೆಗೆ ಖ್ಯಾತಿ ಪಡೆದಿತ್ತು. ಇಲ್ಲಿಯ ಬಹುಪಾಲು ಜನ ಅರೊಮೇನಿಯನ್ನರು. ನೆರೆಯವರು ಇವರನ್ನು ವ್ಲಾಖರೆಂದು ಕರೆಯುತ್ತಾರೆ. ಇವರ ಮಾತು ಲ್ಯಾಟಿನ್ನಿನ ಸಂತತಿ, ರುಮೇನಿಯದ ಭಾಷೆಗೆ ತಂಗಿ. ಉಣ್ಣೆ, ಚರ್ಮಗಳನ್ನು ಹೇಸರಗತ್ತೆಗಳ ಮೇಲೆ ಹೇರಿ ದೂರದ ಪೇಟೆಗಳಿಗೆ ಸಾಗಿಸುವುದು ಇವರ ಕಸಬು.

ಹಣ ಬಂದಂತೆ ಊರು ಬೆಳೆಯಿತು. ಇಪ್ಪತ್ತಕ್ಕೂ ಹೆಚ್ಚು ಇಗರ್ಜಿಗಳೆದ್ದವು. ಸಂತ ನಿಕೊಲಸರ ಇಗರ್ಜಿಯ ಗೋಡೆಗಳಿಗೆ ಸೆಲೆನಿತ್ಸದ ದಾವೀದನೆಂಬ ಕಲಾವಿದ 1726ರಲ್ಲಿ ಚಿತ್ರ ಬರೆದ. 1730ರ ದಶಕದಲ್ಲಿ ಅಚ್ಚುಕೂಟ ಕೆಲಸ ಮಾಡುತ್ತಿತ್ತು. 1744ರಲ್ಲಿ ‘ಹೊಸ ವಿದ್ಯಾಪೀಠ’ ಸ್ಥಾಪನೆಯಾಯಿತು. ಅಚ್ಚಾದ ಪುಸ್ತಕಗಳೆಲ್ಲ ಗ್ರೀಕ್, ಪಾಠವೂ ಗ್ರೀಕ್. ಇಗರ್ಜಿಯ ಭಾಷೆ ಅದೇ, ಲೆಕ್ಕಪತ್ರದ ಭಾಷೆಯೂ ಅದೇ. ತಪ್ಪೆಂದು ಯಾರಿಗೂ ಅನಿಸಿದ ಹಾಗಿಲ್ಲ.

1769ರಲ್ಲಿ, ರಷ್ಯ-ಟರ್ಕಿ ಯುದ್ಧದ ದಿನಗಳಲ್ಲಿ, ಊರು ಲೂಟಿಯಾಯಿತು. ಮರುವರ್ಷವೇ ವಿದ್ಯಾಪೀಠದ ಮುಖ್ಯ ಉಪಾಧ್ಯಾಯ ಕವಲ್ಲಿಯೊತಿಸ್, ಗ್ರೀಕ್, ಅರೊಮೇನಿಯನ್, ಆಲ್ಬೇನಿಯನ್ ಶಬ್ದಗಳನ್ನು ಸಾಲಾಗಿ ಕೊಟ್ಟ ಪದಕೋಶವುಳ್ಳ ಪುಸ್ತಕವೊಂದನ್ನು ವೆನಿಸಿನಲ್ಲಿ ಅಚ್ಚು ಹಾಕಿಸಿದ. ಮನೆಮಾತು ಹೀಗೆ ಗ್ರೀಕಿನ ಪಕ್ಕದಲ್ಲಿ ಕುಳಿತು ಅಚ್ಚು ಕಂಡಿತು. 1788ರಲ್ಲಿ ಮತ್ತೆ ದಾಳಿ. ಉಳಿದವರೂ ಚದುರಿದರು.

ಚದುರಿದವರು ಸುಮ್ಮನಿರಲಿಲ್ಲ. ಈ ಊರಿನ ಮೂಲದ ಸೀನಾ ಮನೆತನ ವಿಯೆನ್ನದಲ್ಲಿ ಬ್ಯಾಂಕು ನಡೆಸಿ ಬ್ಯಾರನ್ ಪದವಿಗೇರಿತು. 1849ರಲ್ಲಿ ಸಂಚಾರಕ್ಕೆ ತೆರೆದ ಬುಡಾಪೆಸ್ಟಿನ ಸರಪಣಿ ಸೇತುವೆಗೆ ಬಂಡವಾಳ ಕೊಟ್ಟವರಲ್ಲಿ ಅವರು ಪ್ರಮುಖರು. ಆದರೆ ನನ್ನ ಮನಸ್ಸು ನಿಲ್ಲುವುದು ಬಡ ಪಾದ್ರಿಗಳಿಬ್ಬರ ಮೇಲೆ. ಒಬ್ಬ ದಾನಿಯೇಲ್. ಈತನ ಚತುರ್ಭಾಷಾ ಕೋಶದ 1802ರ ಮುದ್ರಣದಲ್ಲಿ ಮುನ್ನುಡಿಯ ಪದ್ಯವೊಂದಿದೆ: ಆಲ್ಬೇನಿಯನ್ನರೂ ವ್ಲಾಖರೂ ಬಲ್ಗೇರಿಯನ್ನರೂ ತಮ್ಮ ಮಾತು ಬಿಟ್ಟು ಗ್ರೀಕರಾಗಲೆಂದು ಅದರ ಉಪದೇಶ. ಪದಗಳನ್ನು ಅಷ್ಟು ಶ್ರಮದಿಂದ ಕೂಡಿಸಿದ್ದು ಅವನ್ನು ಮರೆಯಿಸುವುದಕ್ಕೆ! ಇನ್ನೊಬ್ಬ ಅದೇ ಊರಿನ ಕಾನ್ಸ್ಟಂಟಿನ್ ಉಕುತ. ದೂರದ ಪೋಸೆನ್ ನಗರದಲ್ಲಿ ಪಾದ್ರಿಯಾಗಿದ್ದ ಈತ 1797ರಲ್ಲೇ ತನ್ನವರ ಮಕ್ಕಳಿಗಾಗಿ ಅರೊಮೇನಿಯನ್ ಬಾಲಬೋಧೆಯನ್ನು ವಿಯೆನ್ನದಲ್ಲಿ ಅಚ್ಚು ಮಾಡಿಸಿದ್ದ. ಲಿಪಿ ಗ್ರೀಕ್, ಮಾತು ತಾಯಿಯದು. 1813ರಲ್ಲಿ ಅದೇ ವಿಯೆನ್ನದಲ್ಲಿ ಬೊಯಾಜಿ ಎಂಬವನಿಂದ ವ್ಯಾಕರಣವೂ ಬಂತು. ತವರಿನ ಅಚ್ಚುಕೂಟದಲ್ಲಿ ಆಗದ ಕೆಲಸ ಪರಸ್ಥಳದಲ್ಲಾಯಿತು.

ವೊಸ್ಕೊಪೊಯ ಇಂದು ಸಣ್ಣ ಹಳ್ಳಿ. ಎರಡು ಮಹಾಯುದ್ಧಗಳಲ್ಲೂ ಬೆಂಕಿ ಕಂಡ ಮೇಲೆ ಉಳಿದಿರುವುದು ಬೆರಳೆಣಿಕೆಯ ಇಗರ್ಜಿಗಳು. 2017ರ ಆಲ್ಬೇನಿಯದ ಕಾನೂನು ಅರೊಮೇನಿಯನ್ನರನ್ನು ಅಲ್ಪಸಂಖ್ಯಾತ ಜನಾಂಗವೆಂದು ಮನ್ನಿಸಿದೆ. ಸಂತ ನಿಕೊಲಸರ ಇಗರ್ಜಿಯಲ್ಲಿ ದಾವೀದನ ಚಿತ್ರಗಳು ಈಗಲೂ ಕಾಣುತ್ತವೆ.