ಪಿಟಿಎಚ್ ಪರೀಕ್ಷೆಯ ನಿಖರತೆಯಲ್ಲಿ ಸಂಶ್ಲೇಷಿತ ಪೆಪ್ಟೈಡುಗಳ ಪಾತ್ರ

ಸಾರಾಂಶ: ಪ್ರತಿಕಾಯ ಆಧಾರಿತ ಹಾರ್ಮೋನ್ ಪರೀಕ್ಷೆ ನಿಜಕ್ಕೂ ಏನನ್ನು ಅಳೆಯುತ್ತದೆ ಎಂಬುದು ಆ ಪ್ರತಿಕಾಯವನ್ನು ಪಡೆಯಲು, ಶುದ್ಧೀಕರಿಸಲು ಆರಿಸಿಕೊಂಡ ಪೆಪ್ಟೈಡನ್ನು ಅವಲಂಬಿಸಿದೆ. ಪ್ಯಾರಾಥೈರಾಯ್ಡ್ ಹಾರ್ಮೋನಿನ (ಪಿಟಿಎಚ್) ಪರೀಕ್ಷೆಗಳ ಬೆಳವಣಿಗೆಯ ಮೂಲಕ ಈ ಲೇಖನ ಅದನ್ನು ಪ್ರತಿಪಾದಿಸುತ್ತದೆ.

1. ಹಿನ್ನೆಲೆ

ರಕ್ತದ ಕ್ಯಾಲ್ಸಿಯಂ ಮಟ್ಟವನ್ನು ಕಾಯುವ ಪಿಟಿಎಚ್ 84 ಅಮೈನೊ ಆಮ್ಲಗಳ ಸರಪಳಿ. ಗ್ರಾಹಿಯನ್ನು ಪ್ರಚೋದಿಸಲು ಮೊದಲ 34 ಘಟಕಗಳೇ ಸಾಕು. 1963ರಲ್ಲಿ ಬರ್ಸನ್ ಮತ್ತು ಯಾಲೊ ಇದಕ್ಕೆ ರೇಡಿಯೊ ಇಮ್ಯುನೊ ಪರೀಕ್ಷೆ ರೂಪಿಸಿದರು. ಈ ಹಾರ್ಮೋನು ರಕ್ತದಲ್ಲಿ ಒಂದೇ ರೂಪದಲ್ಲಿರುವುದಿಲ್ಲ ಎಂಬುದನ್ನು 1968ರಲ್ಲಿ ತೋರಿಸಿದವರೂ ಅವರೇ. ಪೂರ್ಣ ಹಾರ್ಮೋನು ಕೆಲವೇ ನಿಮಿಷಗಳಲ್ಲಿ ಕರಗಿಹೋಗುತ್ತದೆ. ಹಿಂತುದಿಯ ತುಣುಕುಗಳು ಹೆಚ್ಚು ಹೊತ್ತು ಉಳಿದು, ಮೂತ್ರಪಿಂಡ ವೈಫಲ್ಯವಿರುವವರಲ್ಲಿ ಶೇಖರಗೊಳ್ಳುತ್ತವೆ. ಒಂದೇ ಪ್ರತಿಕಾಯದ ಪರೀಕ್ಷೆ ಇವೆರಡನ್ನೂ ಒಟ್ಟಿಗೆ ಎಣಿಸಿಬಿಡುತ್ತಿತ್ತು.

2. ಎರಡು ಪ್ರತಿಕಾಯಗಳ ಪರೀಕ್ಷೆ

ಮೆರಿಫೀಲ್ಡ್ 1963ರಲ್ಲಿ ಪ್ರಕಟಿಸಿದ ಘನಾಧಾರ ಸಂಶ್ಲೇಷಣೆಯಿಂದ ಹಾರ್ಮೋನಿನ ಬೇಕಾದ ಭಾಗವನ್ನಷ್ಟೇ ತಯಾರಿಸುವುದು ಸುಲಭವಾಯಿತು. 1987ರಲ್ಲಿ ನಸ್‌ಬಾಮ್ ಮತ್ತು ಸಂಗಡಿಗರು 1–34 ಹಾಗೂ 39–84 ಭಾಗಗಳನ್ನು ಬೇರೆಬೇರೆಯಾಗಿ ಹಿಡಿಯುವ ಎರಡು ಪ್ರತಿಕಾಯಗಳನ್ನು ಜೋಡಿಸಿದರು. ಎರಡೂ ಭಾಗಗಳಿರುವ ಅಣು ಮಾತ್ರ ಎಣಿಕೆಗೆ ಬರುವುದರಿಂದ ಹಿಂತುದಿಯ ಸಣ್ಣ ತುಣುಕುಗಳ ತೊಂದರೆ ತಪ್ಪಿತು. ಆದರೆ 7–84ರಂತೆ ವರ್ತಿಸುವ ತುಣುಕೂ ಇಂಥ ಪರೀಕ್ಷೆಗಳಲ್ಲಿ ಲೆಕ್ಕಕ್ಕೆ ಸೇರುತ್ತದೆ ಎಂದು 1998ರಲ್ಲಿ ಲೆಪಾಜ್ ತಂಡ ವರದಿ ಮಾಡಿತು. ಮೊದಲ ಆರು ಘಟಕಗಳಿಲ್ಲದ ತುಣುಕು ಗ್ರಾಹಿಯನ್ನು ಪ್ರಚೋದಿಸದು; ಆದರೂ ಸಂಖ್ಯೆಯನ್ನು ಏರಿಸುತ್ತದೆ.

3. ಪೆಪ್ಟೈಡಿನ ವಿನ್ಯಾಸ

ಇದಕ್ಕೆ ಪರಿಹಾರ, ಮೊದಲ ನಾಲ್ಕು ಘಟಕಗಳನ್ನೇ ಗುರುತಿಸುವ ಪ್ರತಿಕಾಯ. ಅದನ್ನು ಪಡೆಯಲು ಹಾರ್ಮೋನಿನ ಮುಂತುದಿಯ ಪೆಪ್ಟೈಡನ್ನು ಪ್ರಾಣಿಗೆ ಚುಚ್ಚಬೇಕು. ಪುಟ್ಟ ಪೆಪ್ಟೈಡು ತಾನಾಗಿ ಪ್ರಬಲ ಪ್ರತಿರಕ್ಷೆ ಹುಟ್ಟಿಸದ ಕಾರಣ ಅದನ್ನು ದೊಡ್ಡದೊಂದು ವಾಹಕ ಪ್ರೋಟೀನಿಗೆ ಜೋಡಿಸಬೇಕು. ಇಂಥ ಜೋಡಣೆಗೆ ಅನುಕೂಲವಾದ ಸಿಸ್ಟೀನ್ ಎಂಬ ಅಮೈನೊ ಆಮ್ಲ ಮಾನವ ಪಿಟಿಎಚ್‌ನಲ್ಲಿ ಇಲ್ಲ. ಹಾಗಾಗಿ ಪೆಪ್ಟೈಡಿನ ಹಿಂತುದಿಗೆ ಒಂದು ಸಿಸ್ಟೀನ್ ಸೇರಿಸಿ ಅಲ್ಲಿಯೇ ಬೆಸೆದರೆ, ಮೊದಲ ಘಟಕವಾದ ಸೆರೀನ್ ಮುಕ್ತವಾಗಿ ಉಳಿಯುತ್ತದೆ. ಮುಂತುದಿಯಲ್ಲಿ ಬೆಸೆದರೆ ಪ್ರತಿಕಾಯ ಗುರುತಿಸಬೇಕಾದ ಭಾಗವೇ ಮುಚ್ಚಿಹೋಗುತ್ತದೆ. ಮುಂದೆ ಆ ಪ್ರಾಣಿಯ ಸೀರಮ್ಮನ್ನು 7–84 ಪೆಪ್ಟೈಡು ಅಂಟಿಸಿದ ಕಾಲಮ್ಮಿನಲ್ಲಿ ಹಾಯಿಸಿದಾಗ ಬೇಡದ ಪ್ರತಿಕಾಯಗಳು ಅಲ್ಲೇ ಉಳಿಯುತ್ತವೆ. ಹೊರಬಂದ ದ್ರವದಿಂದ ಮುಂತುದಿಯನ್ನು ಹಿಡಿಯುವ ಪ್ರತಿಕಾಯಗಳನ್ನು ಮತ್ತೊಂದು ಕಾಲಮ್ಮಿನಲ್ಲಿ ಬೇರ್ಪಡಿಸಬಹುದು.

4. ಉಪಸಂಹಾರ

ಡಯಾಲಿಸಿಸ್ ರೋಗಿಗಳ ಪಿಟಿಎಚ್ ಗುರಿಯನ್ನು ಮೂತ್ರಪಿಂಡ ರೋಗಗಳ ಅಂತರರಾಷ್ಟ್ರೀಯ ಸಂಸ್ಥೆಯಾದ ಕೆಡಿಗೊದ ಮಾರ್ಗಸೂಚಿ ಆಯಾ ಪರೀಕ್ಷೆಯ ಸಾಮಾನ್ಯ ಮೇಲ್ಮಿತಿಯ 2ರಿಂದ 9 ಪಟ್ಟು ಎಂದು ಹೇಳುತ್ತದೆ. ಹೀಗಾಗಿ ಪರೀಕ್ಷೆಯ ಹೆಸರಿಲ್ಲದ ಪಿಟಿಎಚ್ ಸಂಖ್ಯೆ ಅಪೂರ್ಣ. ಆ ಸಂಖ್ಯೆಯನ್ನು ನಂಬಿ ಹಾರ್ಮೋನನ್ನು ಅತಿಯಾಗಿ ತಗ್ಗಿಸಿದರೆ ಮೂಳೆಯ ನವೀಕರಣವೇ ಕುಂಠಿತವಾಗುತ್ತದೆ. ಆದ್ದರಿಂದ ಪ್ರತಿಕಾಯಗಳು ಹಿಡಿಯುವ ಘಟಕಗಳು ಯಾವುವು, 7–84ಕ್ಕೆ ಅವು ಎಷ್ಟು ಸ್ಪಂದಿಸುತ್ತವೆ ಎಂಬ ವಿವರವನ್ನು ಪ್ರತಿ ಕಿಟ್ಟಿನ ಜೊತೆಗೂ ಕೊಡಲೇಬೇಕು.